ಹುಳುಕಡ್ಡಿಗೆ ಮುಲಾಮು: ಹಚ್ಚುವ ಕ್ರಮ, ನಿಲ್ಲಿಸುವ ಹೊತ್ತು



ಆರಿದ್ರಾ ಮಳೆ ಹಿಡಿದು ಗದ್ದೆಯಲ್ಲಿ ನಾಟಿ ಶುರುವಾಯಿತೆಂದರೆ ಬೆಳಿಗ್ಗೆ ಒದ್ದೆಯಾದ ಬಟ್ಟೆ ಮೈಯಿಂದ ಇಳಿಯುವುದು ರಾತ್ರಿಗೇ. ಆ ದಿನಗಳಲ್ಲಿ ಸೊಂಟದ ಉಡಿದಾರದ ಸುತ್ತ, ತೊಡೆಯ ಸಂದಿನಲ್ಲಿ, ಕಂಕುಳಲ್ಲಿ, ಹೆಣ್ಣುಮಕ್ಕಳಿಗೆ ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ಒಂದು ಸಣ್ಣ ಕೆಂಪು ಗುಳ್ಳೆ ಏಳುತ್ತದೆ. ವಾರ ಕಳೆಯುವಷ್ಟರಲ್ಲಿ ಅದು ನಾಲ್ಕಾಣೆಯಷ್ಟಾಗುತ್ತದೆ, ತಿಂಗಳಲ್ಲಿ ಅಂಗೈಯಗಲ. ಅಂಚು ಉಬ್ಬಿ ಕೆಂಪಗೆ, ನಡುವೆ ಮಾಸಿದಂತೆ, ನೋಡಿದರೆ ಉಂಗುರ. ಬೆವರು ಸೋಂಕಿದರೆ ಸಾಕು, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹುಳುಕಡ್ಡಿ, ಗಜಕರ್ಣ, ತದ್ದು ಎಂದು ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ನಾಲ್ವರ ಮುಂದೆ ಹೇಳಿಕೊಳ್ಳಲು ನಾಚಿಕೆ ಎಂಬುದು ಮಾತ್ರ ಎಲ್ಲ ಸೀಮೆಗೂ ಒಂದೇ.

ಒಂದು ಕ್ಷೇತ್ರೋತ್ಸವದಲ್ಲಿ ರಾಗಿಯ ಬೆಂಕಿ ರೋಗದ ಬಗ್ಗೆ ಮಾತು ಮುಗಿದ ಮೇಲೆ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಜೇಬಿನಿಂದ ಮಡಚಿದ ಟ್ಯೂಬೊಂದನ್ನು ತೆಗೆದು ತೋರಿಸಿದರು. ‘ಸ್ವಾಮಿ, ಇದು ಹಚ್ಚಿದರೆ ಎರಡೇ ದಿನಕ್ಕೆ ನವೆ ನಿಲ್ಲುತ್ತೆ. ಬಿಟ್ಟರೆ ಮತ್ತೆ ಬರುತ್ತೆ. ಎರಡು ವರ್ಷ ಆಯಿತು. ಈಗ ಮನೆಯವಳಿಗೂ ಇದೆ, ಮಕ್ಕಳಿಬ್ಬರಿಗೂ ಇದೆ’ ಎಂದರು. ಅವರ ತೊಡೆಯ ಒಳಭಾಗದಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಬರೆಗಳು ಬಿದ್ದಿದ್ದವು. ಅವು ಹುಳುಕಡ್ಡಿ ಮಾಡಿದ ಬರೆಗಳಲ್ಲ. ಟ್ಯೂಬಿನಲ್ಲಿದ್ದ ಔಷಧಿ ಮಾಡಿದವು. ಒಮ್ಮೆ ಬಿದ್ದ ಬರೆ ಪೂರಾ ಅಳಿಯುವುದಿಲ್ಲ. ಈ ಲೇಖನ ಬರೆಯಲು ಆ ಟ್ಯೂಬೇ ಕಾರಣ.

ಹುಳುವಲ್ಲ, ಬೂಷ್ಟು

ಹೆಸರಿನಲ್ಲಿ ಹುಳುವಿದ್ದರೂ ಈ ರೋಗದಲ್ಲಿ ಹುಳು ಇಲ್ಲ. ಹಳಸಿದ ರೊಟ್ಟಿಯ ಮೇಲೆ, ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬೆಳೆಯುವ ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರವೇ ಇದಕ್ಕೆ ಕಾರಣ. ರೇಷ್ಮೆ ಬೆಳೆಗಾರರಿಗೆ ಈ ಸಂಗತಿ ಇನ್ನೂ ಹತ್ತಿರದ್ದು. ಹುಳುಗಳು ಸತ್ತು ಸುಣ್ಣದ ಕಡ್ಡಿಯಂತೆ ಬಿಳುಪಾಗುವ ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಇಟಲಿಯ ಅಗೋಸ್ಟಿನೊ ಬಾಸಿ 1835ರಲ್ಲಿ ತೋರಿಸಿದರು. ಅದಾದ ಕೆಲವೇ ವರ್ಷಗಳಲ್ಲಿ, 1841ರಲ್ಲಿ, ಪ್ಯಾರಿಸ್ಸಿನಲ್ಲಿದ್ದ ಡೇವಿಡ್ ಗ್ರೂಬಿ ಎಂಬ ವೈದ್ಯರು ಮನುಷ್ಯರ ತಲೆಯ ಚರ್ಮರೋಗವೊಂದರ ಹಕ್ಕಳೆಯಲ್ಲಿ ಶಿಲೀಂಧ್ರವನ್ನು ಗುರುತಿಸಿದರು. ಮನುಷ್ಯನ ಚರ್ಮಕ್ಕೂ ಬೂಷ್ಟು ಹಿಡಿಯುತ್ತದೆಂಬ ತಿಳಿವಳಿಕೆಗೆ ರೇಷ್ಮೆ ಹುಳುವೇ ದಾರಿ ತೋರಿಸಿತೆನ್ನಬಹುದು.

ಈ ಶಿಲೀಂಧ್ರದ ಆಹಾರ ಕೆರಾಟಿನ್ ಎಂಬ ಪದಾರ್ಥ. ನಮ್ಮ ಚರ್ಮದ ಹೊರಪದರ, ಕೂದಲು, ಉಗುರು, ದನಗಳ ಕೊಂಬು, ಗೊರಸು ಎಲ್ಲವೂ ಅದರಿಂದಲೇ ಆದವು. ಶಿಲೀಂಧ್ರವು ಜೀವವಿಲ್ಲದ ಹೊರಪದರವನ್ನು ತಿನ್ನುತ್ತಾ ಸುತ್ತಲೂ ಹರಡುತ್ತದೆ. ತಿಂದು ಮುಂದೆ ಹೋದ ನಡುಭಾಗ ವಾಸಿಯಾದಂತೆ ಕಾಣುತ್ತದೆ. ಬೇಟೆ ನಡೆಯುತ್ತಿರುವುದು ಅಂಚಿನಲ್ಲಿ. ಕಣ್ಣಿಗೆ ಕಾಣುವ ಉಂಗುರದ ಆಚೆಗೂ ಅದರ ಎಳೆಗಳು ಹೊಕ್ಕಿರುತ್ತವೆ. ಈ ಒಂದು ಮಾತು ನೆನಪಿದ್ದರೆ ಮುಲಾಮು ಎಲ್ಲಿ ಹಚ್ಚಬೇಕು, ಎಷ್ಟು ದಿನ ಹಚ್ಚಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಕೆಸರಿನಲ್ಲಿ ನಿಲ್ಲುವವರ ಕಾಲ್ಬೆರಳ ಸಂದಿನಲ್ಲಿ ಚರ್ಮ ಬೆಳ್ಳಗೆ ನೆನೆದು, ಬಿರಿದು, ವಾಸನೆ ಬರುವ ಕೆಸರುಹುಣ್ಣಿನಲ್ಲಿಯೂ ಬಹಳ ಸಲ ಇದೇ ಗುಂಪಿನ ಶಿಲೀಂಧ್ರಗಳಿರುತ್ತವೆ. ಎದೆ ಬೆನ್ನುಗಳ ಮೇಲೆ ತಿಳಿ ಬಣ್ಣದ ಚುಕ್ಕೆ ಚುಕ್ಕೆಯಾಗಿ ಹರಡುವ ಚಿಬ್ಬು ಮಾತ್ರ ಬೇರೊಂದು ಜಾತಿಯದು. ಅದಕ್ಕೆ ನವೆ ಕಡಿಮೆ, ಉಂಗುರ ಇರುವುದಿಲ್ಲ.

ಯಾವ ಮುಲಾಮು?

ಹಳೆಯ ತಲೆಮಾರಿನವರಿಗೆ ವಿಟ್‌ಫೀಲ್ಡ್ ಮುಲಾಮು ಗೊತ್ತಿರುತ್ತದೆ. ಲಂಡನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡ್ ಅವರ ಹೆಸರಿನ ಈ ಮುಲಾಮಿನಲ್ಲಿ ಶೇಕಡ 6 ಬೆಂಜೋಯಿಕ್ ಆಮ್ಲ, ಶೇಕಡ 3 ಸ್ಯಾಲಿಸಿಲಿಕ್ ಆಮ್ಲ ಇರುತ್ತವೆ. ಒಂದು ಶಿಲೀಂಧ್ರವನ್ನು ತಡೆಯುತ್ತದೆ, ಇನ್ನೊಂದು ರೋಗ ಹಿಡಿದ ಹೊರಪದರವನ್ನು ಸುಲಿದು ಹಾಕುತ್ತದೆ. ಅಗ್ಗದ್ದು, ದಪ್ಪ ಚರ್ಮದ ಮೇಲೆ ಕೆಲಸ ಮಾಡುವಂಥದು. ಆದರೆ ತೊಡೆಸಂದಿನಂಥ ತೆಳು ಚರ್ಮದಲ್ಲಿ, ತುರಿಸಿ ಹಸಿಯಾದ ಜಾಗದಲ್ಲಿ ಉರಿ ತಡೆಯಲಾಗದು. ಅಂಥಲ್ಲಿ ಹಚ್ಚಬಾರದು.

ಈಗ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವವು ಶೇಕಡ 1ರ ಕ್ಲೋಟ್ರಿಮಜೋಲ್, ಶೇಕಡ 2ರ ಮೈಕೊನಜೋಲ್ ಮತ್ತು ಕೀಟೊಕೊನಜೋಲ್, ಶೇಕಡ 1ರ ಟರ್ಬಿನಾಫಿನ್ ಮುಂತಾದವು. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ಪದಾರ್ಥ ಬೇಕು. ಇವೆಲ್ಲವೂ ಅದು ತಯಾರಾಗದಂತೆ ತಡೆಯುತ್ತವೆ. ನಮ್ಮ ಜೀವಕೋಶಗಳಲ್ಲಿ ಆ ಪದಾರ್ಥ ಇಲ್ಲದಿರುವುದರಿಂದ ನಮಗೆ ಅಪಾಯ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೆಳೆಗಳಿಗೆ ಸಿಂಪಡಿಸುವ ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಕೂಡ ಈ ‘ಜೋಲ್’ ಮನೆತನದವೇ. ‘ಪೈರಿನ ಬೂಷ್ಟಿಗೆ ಆಗುವುದು ಮೈಗೇಕೆ ಆಗದು?’ ಎಂದು ಯಾರಾದರೂ ಕೇಳಬಹುದು. ಹೊಲದ ಔಷಧಿಯನ್ನು ಗಿಡದ ಎಲೆಗೆಂದು, ಅದಕ್ಕೆ ಬೇಕಾದ ದ್ರಾವಕಗಳೊಡನೆ ತಯಾರಿಸಿರುತ್ತಾರೆ. ಅದು ಚರ್ಮ ಸುಡಬಹುದು, ಚರ್ಮದ ಮೂಲಕ ಒಳಗೂ ಇಳಿಯಬಹುದು. ಸೀಮೆಎಣ್ಣೆ, ಬ್ಯಾಟರಿಯ ಕಪ್ಪುಪುಡಿ, ಕಾಡುಗೇರಿನ ಎಣ್ಣೆಗಳಿಗೂ ಇದೇ ಮಾತು. ಗೇರೆಣ್ಣೆ ತಾಗಿದರೆ ಹುಳುಕಡ್ಡಿಯ ಜಾಗದಲ್ಲಿ ಬೊಬ್ಬೆ ಎದ್ದು ಹುಣ್ಣಾಗುತ್ತದೆ. ಸೀಮೆ ಅಗಸೆಯ ಎಲೆ ಅರೆದು ಹಚ್ಚುವ ಪದ್ಧತಿ ಹಲವು ಕಡೆ ಇದೆ. ಆ ಎಲೆಯಲ್ಲಿ ಶಿಲೀಂಧ್ರಕ್ಕೆ ಒಗ್ಗದ ಅಂಶ ಇರುವುದು ನಿಜ. ಆದರೆ ಎಷ್ಟು ಎಲೆ, ಎಷ್ಟು ದಿನ ಎಂಬ ಅಳತೆ ಇಲ್ಲದೆ ಅರ್ಧ ವಾಸಿ ಮಾಡಿಕೊಂಡು ಕೂರುವುದಕ್ಕಿಂತ ಅಳತೆಯಿರುವ ಮುಲಾಮೇ ಮೇಲು ಎಂಬುದು ನನ್ನ ಅಭಿಪ್ರಾಯ.

ಟ್ಯೂಬಿನ ಮೇಲೆ ಬರೆದಿರುವುದನ್ನು ಓದಿ

ಆ ರೈತರು ತೋರಿಸಿದ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಇನ್ನೆರಡು ಔಷಧಿಗಳಿದ್ದವು. ಒಂದು ಬ್ಯಾಕ್ಟೀರಿಯಾ ಕೊಲ್ಲುವಂಥದು, ಹುಳುಕಡ್ಡಿಗೆ ಅದರ ಕೆಲಸವೇ ಇಲ್ಲ. ಇನ್ನೊಂದು ಕ್ಲೊಬೆಟಸೋಲ್ ಎಂಬ ಬಲವಾದ ಸ್ಟೀರಾಯ್ಡ್. ಎರಡು ದಿನಕ್ಕೆ ನವೆ ನಿಲ್ಲಿಸುತ್ತಿದ್ದುದು ಅದೇ.

ನವೆ, ಕೆಂಪು, ಊತ ಇವು ನಮ್ಮ ದೇಹ ಶಿಲೀಂಧ್ರದೊಡನೆ ನಡೆಸುವ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಹೋರಾಟವನ್ನೇ ನಿಲ್ಲಿಸಿಬಿಡುತ್ತದೆ. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಮನೆಯವರಿಗೆ ನಿದ್ದೆ, ಕಳ್ಳನಿಗೆ ಸುಗ್ಗಿ. ಶಿಲೀಂಧ್ರ ಸದ್ದಿಲ್ಲದೆ ಅಗಲವಾಗಿ ಹಬ್ಬುತ್ತದೆ, ಆಳಕ್ಕೂ ಇಳಿಯುತ್ತದೆ. ಮುಲಾಮು ನಿಲ್ಲಿಸಿದೊಡನೆ ಮೊದಲಿಗಿಂತ ಹೆಚ್ಚಾಗಿ ಎದ್ದು ಬರುತ್ತದೆ. ‘ಔಷಧಿ ಬಿಟ್ಟದ್ದಕ್ಕೇ ಬಂತು’ ಎಂದು ನಾವು ಮತ್ತೆ ಅದನ್ನೇ ತರುತ್ತೇವೆ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಬರೆ ಬೀಳುತ್ತದೆ.

ಹಚ್ಚುವ ಸ್ಟೀರಾಯ್ಡ್ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಆದರೂ ‘ನವೆಗೆ ಏನಾದರೂ ಕೊಡಿ’ ಎಂದು ಕೈ ಚಾಚಿದರೆ ಅಂಥ ಟ್ಯೂಬು ಕೈಗೆ ಬರುವುದುಂಟು. ಅಂಗಡಿಯವರನ್ನಷ್ಟೇ ದೂರಿ ಫಲವಿಲ್ಲ. ಎರಡು ದಿನಕ್ಕೆ ನಿಲ್ಲುವಂಥದೇ ಬೇಕೆಂದು ಕೇಳುವವರೂ ನಾವೇ.

ಆದ್ದರಿಂದ ಕೊಳ್ಳುವ ಮುಂಚೆ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಇಂಗ್ಲಿಷ್ ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಗನ ಅಥವಾ ಮಗಳ ಕೈಲಿ ಓದಿಸಿ. ಕ್ಲೊಬೆಟಸೋಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಡೆಕ್ಸಾಮೆಥಸೋನ್, ಮೊಮೆಟಸೋನ್, ಫ್ಲುಯೊಸಿನೊಲೋನ್ ಇವುಗಳಲ್ಲಿ ಯಾವುದೇ ಹೆಸರಿದ್ದರೂ ಹುಳುಕಡ್ಡಿಗೆಂದು ನೀವಾಗಿ ಹಚ್ಚಿಕೊಳ್ಳಬೇಡಿ. ಕ್ಲೋಟ್ರಿಮಜೋಲ್ ಮತ್ತು ಕ್ಲೊಬೆಟಸೋಲ್ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ. ಮೊದಲನೆಯದು ರೋಗ ಕೊಲ್ಲುವಂಥದು, ಎರಡನೆಯದು ರೋಗ ಮುಚ್ಚುವಂಥದು. ಬಾಯಲ್ಲಿ ಹೇಳಿ ತರಿಸುವುದಕ್ಕಿಂತ ಚೀಟಿಯಲ್ಲಿ ಬರೆದು ಕಳಿಸುವುದು ಲೇಸು. ಒಂದೇ ಔಷಧಿ ಇರುವ ಟ್ಯೂಬೇ ನಿಮಗೆ ಬೇಕಾದದ್ದು.

ಹಚ್ಚುವ ಕ್ರಮ ಮತ್ತು ಲೆಕ್ಕ

ಮೊದಲು ಸಾದಾ ಸೋಪಿನಿಂದ ಜಾಗವನ್ನು ತೊಳೆದು, ಬಟ್ಟೆಯಿಂದ ಒತ್ತಿ ನೀರಾರಿಸಿ. ಉಜ್ಜಬೇಡಿ. ಒದ್ದೆ ಚರ್ಮದ ಮೇಲೆ ಮುಲಾಮು ನಿಲ್ಲುವುದಿಲ್ಲ. ನಂತರ ಕಲೆಯ ಆಚೆ ಎರಡು ಸೆಂಟಿಮೀಟರ್, ಎಂದರೆ ಸುಮಾರು ಹೆಬ್ಬೆರಳಿನ ಅಗಲ, ಚೆನ್ನಾಗಿ ಕಾಣುವ ಚರ್ಮದ ಮೇಲಿಂದ ಶುರು ಮಾಡಿ ಒಳಮುಖವಾಗಿ ಸವರುತ್ತಾ ಬನ್ನಿ. ಬೆಂಕಿ ಬಿದ್ದ ಹುಲ್ಲುಗಾವಲಿನ ಸುತ್ತ ಬೆಂಕಿರೇಖೆ ತೆಗೆಯುವಂತೆ ಹೊರಗಿನಿಂದ ಒಳಕ್ಕೆ ಬರಬೇಕು. ಒಳಗಿನಿಂದ ಹೊರಕ್ಕೆ ಉಜ್ಜಿದರೆ ರೋಗವನ್ನು ನಾವೇ ಹರಡಿದಂತಾಗುತ್ತದೆ. ಮಾಯವಾಗುವಷ್ಟು ತೆಳುವಾಗಿ ಸವರಿದರೆ ಸಾಕು, ಗೋಡೆಗೆ ಸುಣ್ಣ ಬಳಿದಂತೆ ಮೆತ್ತುವುದು ವ್ಯರ್ಥ. ಕ್ಲೋಟ್ರಿಮಜೋಲ್, ಮೈಕೊನಜೋಲ್‌ಗಳನ್ನು ಬೆಳಿಗ್ಗೆ ಸಂಜೆ ಎರಡು ಹೊತ್ತು ಹಚ್ಚಬೇಕು. ಮೊದಲೂ ಆಮೇಲೂ ಕೈ ತೊಳೆಯಿರಿ.

ಈಗ ಲೆಕ್ಕಕ್ಕೆ ಬರೋಣ. ಎಕರೆಗೆ ಇಷ್ಟು ದ್ರಾವಣ ಬೇಕೆಂಬ ಲೆಕ್ಕವಿರುವಂತೆ ಮೈಗೂ ಒಂದು ಲೆಕ್ಕವಿದೆ. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿದಂತೆ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕಾಗುತ್ತದೆ. ಎರಡೂ ತೊಡೆಸಂದಿನಲ್ಲಿ ಒಂದೊಂದು ಅಂಗೈಯಷ್ಟು ರೋಗವಿದೆ ಎಂದಿಟ್ಟುಕೊಳ್ಳಿ. ಹೊತ್ತಿಗೆ ಅರ್ಧ ಗ್ರಾಂ, ದಿನಕ್ಕೆ ಒಂದು ಗ್ರಾಂ. 15 ಗ್ರಾಮಿನ ಟ್ಯೂಬು ಹದಿನೈದು ದಿನಕ್ಕೆ ಮುಗಿಯಬೇಕು. ನಾಲ್ಕು ವಾರಕ್ಕೆ ಇಬ್ಬರಲ್ಲ, ಒಬ್ಬರಿಗೇ ಎರಡು ಟ್ಯೂಬು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಒಂದು ಟ್ಯೂಬು ತಂದು ಕನ್ನಡಿಯ ಹಿಂದೆ ಸಿಕ್ಕಿಸಿ, ನವೆ ಬಂದವರೆಲ್ಲ ನವೆ ಬಂದಾಗ ಅದರಿಂದ ಚೂರು ಚೂರು ಹಚ್ಚಿಕೊಂಡು ಯುಗಾದಿಯಿಂದ ದೀಪಾವಳಿಯವರೆಗೆ ಎಳೆಯುತ್ತೇವೆ. ಎಕರೆ ಗದ್ದೆಗೆ ಅರ್ಧ ಕ್ಯಾನು ಸಿಂಪಡಿಸಿ ರೋಗ ಹೋಗಲಿಲ್ಲವೆಂದರೆ ತಪ್ಪು ಔಷಧಿಯದೇ?

ನಿಲ್ಲಿಸುವುದು ಯಾವಾಗ?

ನವೆ ನಿಂತಾಗ ಅಲ್ಲ. ಸರಿಯಾದ ಮುಲಾಮಿನಿಂದ ವಾರ ಹತ್ತು ದಿನದಲ್ಲಿ ನವೆ ತಗ್ಗಬಹುದು. ಆಗ ಶಿಲೀಂಧ್ರ ಸೊರಗಿರುತ್ತದೆ, ಸತ್ತಿರುವುದಿಲ್ಲ. ಚರ್ಮದ ಹೊರಪದರ ಪೂರಾ ಉದುರಿ ಕೆಳಗಿನಿಂದ ಹೊಸದು ಬರಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಹಳೆಯ ಪದರದಲ್ಲಿ ಉಳಿದ ಎಳೆಗಳು ಹೊಸ ಪದರಕ್ಕೆ ದಾಟದಂತೆ ಅಷ್ಟು ದಿನವೂ ಕಾವಲಿರಬೇಕು. ಹೊಟ್ಟು, ಉಬ್ಬಿದ ಅಂಚು ಮಾಯವಾದ ಮೇಲೂ ಎರಡು ವಾರ ಬಿಡದೆ ಹಚ್ಚುವುದು ಒಳ್ಳೆಯದು. ವಾಸಿಯಾದ ಜಾಗದಲ್ಲಿ ಕಂದು ಕಲೆ ಕೆಲವು ತಿಂಗಳು ಉಳಿದರೆ ಹೆದರಬೇಕಿಲ್ಲ, ಅದು ರೋಗವಲ್ಲ.

ಅರ್ಧಕ್ಕೆ ಬಿಡುವುದರ ಇನ್ನೊಂದು ಕೆಡುಕು ನಿಮಗೆ ಹೊಲದಲ್ಲಿಯೇ ಪರಿಚಯವಾದದ್ದು. ಒಂದೇ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಪದೇ ಪದೇ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಹುಳುಕಡ್ಡಿಯಲ್ಲೂ ಅದೇ ಆಗಿದೆ. 2020ರಲ್ಲಿ ವಿಜ್ಞಾನಿಗಳು ಹೊಸದಾಗಿ ಹೆಸರಿಟ್ಟ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರದ ಹೆಸರಿನಲ್ಲಿಯೇ ನಮ್ಮ ದೇಶದ ಗುರುತಿದೆ. ಅದರ ಹಲವು ತಳಿಗಳಿಗೆ ಟರ್ಬಿನಾಫಿನ್ ನಾಟುವುದಿಲ್ಲ. ಈಗ ಅದು ಬೇರೆ ದೇಶಗಳಲ್ಲೂ ಕಂಡುಬಂದಿದೆ. ಹಿಂದೆ ಎರಡು ವಾರಕ್ಕೆ ಹೋಗುತ್ತಿದ್ದ ಹುಳುಕಡ್ಡಿ ಈಗ ತಿಂಗಳಾದರೂ ಜಗ್ಗದಿರಲು ಇದೂ ಒಂದು ಕಾರಣ.

ಮನೆ, ಕೊಟ್ಟಿಗೆ

ಹೊಲಕ್ಕೆ ಔಷಧಿ ಹೊಡೆದು ಬದುವಿನ ಕಳೆಯಲ್ಲಿ ರೋಗ ಉಳಿಸಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಹುಳುಕಡ್ಡಿಯ ಬೀಜಾಣುಗಳು ಉದುರಿದ ಹೊಟ್ಟಿನೊಡನೆ ಟವೆಲು, ಹಾಸಿಗೆ, ಬಾಚಣಿಗೆಗಳಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದ್ದರಿಂದ ಮನೆಯಲ್ಲಿ ರೋಗವಿರುವವರೆಲ್ಲರೂ ಒಟ್ಟಿಗೇ ಔಷಧಿ ಶುರು ಮಾಡಬೇಕು. ಒಬ್ಬೊಬ್ಬರಿಗೂ ಬೇರೆ ಟವೆಲು ಇರಲಿ. ರೋಗಿಯ ಒಳ ಉಡುಪು, ಪಂಚೆ, ಹೊದಿಕೆಗಳನ್ನು ಬಚ್ಚಲ ಹಂಡೆಯ ಕೈಯಿಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು ಎಲ್ಲಿ ಎಂದು ಕೇಳುತ್ತೀರಿ. ಬಚ್ಚಲ ಒಲೆಯ ಮೇಲಿನ ತಂತಿಯಲ್ಲಾದರೂ ಗರಿಗರಿಯಾಗುವಂತೆ ಒಣಗಿಸಿ. ಅರೆಹಸಿ ಚಡ್ಡಿ ತೊಟ್ಟು ಮೇಲೆ ಮುಲಾಮು ಹಚ್ಚುವುದು, ನೀರು ನಿಂತ ಪಾತಿಗೆ ಔಷಧಿ ಸುರಿದಂತೆ.

ಉಡಿದಾರದ ಬಗ್ಗೆ ಹೇಳಿದರೆ ಹಿರಿಯರಿಗೆ ಬೇಸರವಾದೀತು. ಆದರೂ ಹೇಳುತ್ತೇನೆ. ವರ್ಷಗಟ್ಟಲೆ ಬದಲಾಗದ ನೂಲಿನ ಉಡಿದಾರ ಬೆವರು ಹೀರಿ ಸದಾ ತೇವವಾಗಿರುತ್ತದೆ. ರೋಗವಿರುವವರೆಗೆ ಅದನ್ನು ತೆಗೆದಿಡಿ. ಆಮೇಲೆ ಹೊಸದನ್ನೇ ಕಟ್ಟಿಕೊಳ್ಳಿ.

ಕೊಟ್ಟಿಗೆಯಲ್ಲಿ ಕರುಗಳ ಮುಖ ನೋಡಿ. ಕಣ್ಣಿನ ಸುತ್ತ, ಕಿವಿ, ಕುತ್ತಿಗೆಯ ಮೇಲೆ ಕೂದಲುದುರಿ ಬೂದಿ ಬಣ್ಣದ ದಪ್ಪ ಹಕ್ಕಳೆ ಕಟ್ಟಿದ್ದರೆ ಅದೂ ಹುಳುಕಡ್ಡಿಯೇ. ಇಕ್ಕಟ್ಟಾದ, ಕತ್ತಲೆಯ ಕೊಟ್ಟಿಗೆಯಲ್ಲಿ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಹಾಲು ಕರೆಯುವವರ, ಕರುವನ್ನು ತಬ್ಬುವ ಮಕ್ಕಳ ಮುಂಗೈ, ಮುಖ, ಕುತ್ತಿಗೆಗಳಿಗೂ ಅಂಟುತ್ತದೆ. ದನದಿಂದ ಬಂದದ್ದು ಮನುಷ್ಯರಲ್ಲಿ ಹೆಚ್ಚು ಊದಿಕೊಂಡು ಕೀವಾಡುವುದೂ ಉಂಟು. ರೋಗದ ಕರುವನ್ನು ಬೇರೆ ಕಟ್ಟಿ, ಬಿಸಿಲು ಗಾಳಿ ಕೊಟ್ಟು, ಪಶುವೈದ್ಯರಿಗೆ ತೋರಿಸಿ. ಅದರ ಮೈ ತಿಕ್ಕಿದ ಬ್ರಷ್ಷು, ಹಗ್ಗ ಇನ್ನೊಂದಕ್ಕೆ ಬಳಸಬೇಡಿ; ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಮನೆಯ ಬೆಕ್ಕು ನಾಯಿಗಳಲ್ಲಿ ಕೂದಲುದುರಿದ ಬಿಲ್ಲೆಗಳಿದ್ದರೆ ಅವನ್ನೂ ತೋರಿಸುವುದು ವಾಸಿ.

ಮುಲಾಮು ಸಾಲದ ಕಡೆ

ತಲೆಯ ಕೂದಲ ಬುಡದ ಹುಳುಕಡ್ಡಿಗೆ, ಉಗುರು ಹಳದಿಯಾಗಿ ದಪ್ಪಗಾಗುವ ರೋಗಕ್ಕೆ ಮುಲಾಮು ಸಾಮಾನ್ಯವಾಗಿ ಸಾಲದು. ಬೇರಿನವರೆಗೆ ಔಷಧಿ ಇಳಿಯುವುದಿಲ್ಲ. ಒಳಗೆ ತೆಗೆದುಕೊಳ್ಳುವ ಮಾತ್ರೆ ಬೇಕು, ಅದನ್ನು ವೈದ್ಯರೇ ಕೊಡಬೇಕು. ಅಂಥ ಮಾತ್ರೆಗಳಲ್ಲಿ ಮೊದಲನೆಯದಾದ ಗ್ರೈಸಿಯೊಫಲ್ವಿನ್‌ನ ಕಥೆ ರೈತರು ಕೇಳಬೇಕಾದದ್ದು. 1939ರಲ್ಲಿ ಒಂದು ಬೂಷ್ಟಿನಿಂದಲೇ ಅದನ್ನು ಬೇರ್ಪಡಿಸಿದರು. ಮೊದಲು ಪರೀಕ್ಷೆ ಮಾಡಿದ್ದು ಗಿಡಗಳ ರೋಗಕ್ಕೆ. ಬೇರಿನಿಂದ ಹೀರಿದ ಔಷಧಿ ಎಲೆಯನ್ನು ಕಾಯುತ್ತದೆಂದು ಕಂಡ ಮೇಲೆ, 1958ರಲ್ಲಿ ಹುಳುಕಡ್ಡಿ ಹಿಡಿದ ಗಿನಿಯಿಲಿಗಳಿಗೆ ತಿನ್ನಿಸಿ ಗುಣ ಕಂಡರು. ಆಮೇಲೆ ಮನುಷ್ಯರಿಗೆ ಬಂತು.

ಮೈಯ ಹಲವು ಕಡೆ ಹರಡಿದ್ದರೆ, ಮುಖದ ಮೇಲಿದ್ದರೆ, ಎಳೆಮಕ್ಕಳಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಬಂದಿದ್ದರೆ ಅಂಗಡಿಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರ ಕಾಲ್ಬೆರಳ ಸಂದಿನ ಬಿರುಕಂತೂ ತಡ ಮಾಡುವ ವಿಷಯವೇ ಅಲ್ಲ. ರಾತ್ರಿ ಹೆಚ್ಚಾಗುವ ನವೆ, ಕೈಬೆರಳ ಸಂದಿನಲ್ಲಿ ಗುಳ್ಳೆ, ಮನೆಮಂದಿಗೆಲ್ಲ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಅದರ ಔಷಧಿಯೇ ಬೇರೆ. ಮಾಸಲು ಅಥವಾ ತಾಮ್ರ ಬಣ್ಣದ ಮಚ್ಚೆಯಲ್ಲಿ ನವೆಯಿಲ್ಲದೆ ಮುಟ್ಟಿದ್ದು, ಚುಚ್ಚಿದ್ದು ತಿಳಿಯದಿದ್ದರೆ ಮುಲಾಮು ಹಚ್ಚಿ ಕಾಯಬೇಡಿ. ಅದು ಕುಷ್ಠದ ಮೊದಲ ಗುರುತಿರಬಹುದು. ಬೇಗ ಹಿಡಿದರೆ ಪೂರ್ಣ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ.

ಸರಿಯಾದ ಮುಲಾಮನ್ನು ಕ್ರಮವಾಗಿ ನಾಲ್ಕು ವಾರ ಹಚ್ಚಿಯೂ ಅಂಚು ಬೆಳೆಯುತ್ತಲೇ ಇದ್ದರೆ ವೈದ್ಯರು ಅಂಚಿನ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿನ ಪರೀಕ್ಷೆಯಲ್ಲ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಸ್ಟೀರಾಯ್ಡ್ ಹಚ್ಚಿದ ಹುಳುಕಡ್ಡಿ ಉಂಗುರದ ಆಕಾರವನ್ನೇ ಕಳೆದುಕೊಂಡಿರುತ್ತದೆ, ವೈದ್ಯರಿಗೂ ಒಮ್ಮೆಲೇ ಗುರುತು ಸಿಗದು. ಆ ಖಾಲಿ ಟ್ಯೂಬುಗಳೇ ಅವರಿಗೆ ಅರ್ಧ ಕಥೆ ಹೇಳುತ್ತವೆ.